ಹನ್ನೊಂದು ಹೆಜ್ಜೆಗೇ ಸುಸ್ತಾದೆ. ಅವರು ನಿಜಕ್ಕೂ ಎರಡೆರಡು ಮೂಟೆ ಹೊರುತ್ತಿದ್ದರಾ?

ಹುಟ್ಟುಗೋಲು:
ಎಲ್ಲರಿಗೂ ನಮಸ್ಕಾರ. ಮಗಳಿಗೆ ರಜೆ ಅಂತ ಕಳೆದ ವಾರ ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಕಡೆ ಹೋಗಿದ್ದೆವು. ತುಪ್ಪಳದ ವ್ಯಾಪಾರದ ಕಾಲದ ಒಂದು ಕೋಟೆಯನ್ನು ಅಲ್ಲಿ ಹಾಗೇ ಮತ್ತೆ ಕಟ್ಟಿ ಇಟ್ಟಿದ್ದಾರೆ. ಮರದ ಗೋಡೆ, ಉಗ್ರಾಣ, ತೊಗಟೆಯ ದೋಣಿ, ಬೀವರ್ (ನೀರಲ್ಲಿ ಬದುಕೋ, ಇಲಿ ಜಾತಿಯ ದೊಡ್ಡ ಪ್ರಾಣಿ) ಚರ್ಮದ ಮೂಟೆ ಎಲ್ಲಾ ಇದೆ.

ಒಂದು ಮೂಟೆಗೆ ಅಗಲವಾದ ತೊಗಲಿನ ಪಟ್ಟಿ ಕಟ್ಟಿದ್ದರು. ಪಟ್ಟಿ ಹಣೆಯ ಮೇಲೆ ಬರುತ್ತದೆ, ಮೂಟೆ ಬೆನ್ನಿನ ಮೇಲೆ ಕೂರುತ್ತದೆ. ಭಾರವೆಲ್ಲ ಕುತ್ತಿಗೆಗೆ. ತೂಕ 90 ಪೌಂಡ್, ಹತ್ತಿರ ಹತ್ತಿರ 41 ಕಿಲೋ. ನಮ್ಮಜ್ಜ ಅಕ್ಕಿ ಮೂಟೆ ಹೊತ್ತವರು, ಇದೇನು ಮಹಾ ಅಂತ ಹೊರಟೆ. ಹನ್ನೊಂದು ಹೆಜ್ಜೆ ಹಾಕಿದೆ. ಹನ್ನೆರಡನೆಯದಕ್ಕೆ ಕುತ್ತಿಗೆ ಚಳಕ್ ಅಂತು. ಮಗಳು ವಿಡಿಯೊ ಮಾಡಿದ್ದಾಳೆ. ಅದು ಆಗಲೇ ಊರಿನ ಗ್ರೂಪಿನಲ್ಲಿ ಓಡಾಡುತ್ತಿದೆ.

ಅಲ್ಲಿದ್ದ ಹುಡುಗ ಹೇಳಿದ: "ವೊಯಾಜರ್‌ಗಳು ಇಂಥವು ಎರಡು ಒಟ್ಟಿಗೆ ಹೊತ್ತು ಓಡುನಡಿಗೆಯಲ್ಲಿ ಹೋಗುತ್ತಿದ್ದರು." ವೊಯಾಜರ್ ಅಂದರೆ ಕೆನಡಾದ ಮಾಂಟ್ರಿಯಲ್‌ನಿಂದ ದೋಣಿಯಲ್ಲಿ ಸರಕು ಸಾಗಿಸುತ್ತಿದ್ದ ಫ್ರೆಂಚ್ ಕೂಲಿಯಾಳುಗಳು. ಇದು ನಿಜವಾ, ಇಲ್ಲಾ ನಮ್ಮಂಥ ಪ್ರವಾಸಿಗರಿಗೆ ಹೇಳೋ ಕಥೆಯಾ? ಇನ್ನೊಂದು, ಇಷ್ಟು ದುಡಿಯೋಕೆ ಅವರು ತಿಂತಿದ್ದದ್ದಾದರೂ ಏನು?

ಸುಮ್ನೆ_ಓದುವವ:
ಮೊದಲು ವಿಡಿಯೊ ಹಾಕಿ ಸರ್. ಆಮೇಲೆ ಇತಿಹಾಸ.

ಲೆಕ್ಕದ_ಮೇಷ್ಟ್ರು:
ಕಥೆ ಅಲ್ಲ, ನಿಜ. ಅಲೆಗ್ಸಾಂಡರ್ ಮೆಕೆಂಜಿ ಅಂತ, ತುಪ್ಪಳ ವ್ಯಾಪಾರದ ನಾರ್ತ್ ವೆಸ್ಟ್ ಕಂಪನಿಯ ಪಾಲುದಾರ. 1801ರಲ್ಲಿ ಅಚ್ಚಾದ ತನ್ನ ಪ್ರಯಾಣದ ಬರಹದಲ್ಲಿ ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ. ಸುಪೀರಿಯರ್ ದಡದಲ್ಲಿ ಗ್ರ್ಯಾಂಡ್ ಪೋರ್ಟೇಜ್ ಅಂತ ಒಂದು ಕಾಲುದಾರಿ ಇದೆ. ಅಲ್ಲಿ ಪಿಜನ್ ನದಿಯ ತುಂಬ ಜಲಪಾತ, ದೋಣಿ ಹೋಗೋದಿಲ್ಲ. ಹಾಗಾಗಿ ದೋಣಿಯಿಂದ ಸರಕು ಇಳಿಸಿ ಗುಡ್ಡ ಹತ್ತಿಸಿ ಸಾಗಿಸಬೇಕು. ದೂರ 8.5 ಮೈಲಿ, ಅಂದರೆ 13.5 ಕಿಲೋಮೀಟರ್ ಚಿಲ್ಲರೆ. ಕೆಲವರು 90 ಪೌಂಡಿನ ಎರಡು ಮೂಟೆ ಹೊತ್ತು ಹೋಗಿ, ಅಷ್ಟೇ ತೂಕದ ಬೇರೆ ಎರಡು ಹೊತ್ತು ಆರು ಗಂಟೆಯಲ್ಲಿ ವಾಪಸ್ ಬಂದದ್ದನ್ನು ನೋಡಿದ್ದೇನೆ ಅಂತಾನೆ.

ಇನ್ನೂ ಇದೆ ಕೇಳಿ. ಮಾಂಟ್ರಿಯಲ್‌ನಿಂದ ಬಂದ ಒಬ್ಬೊಬ್ಬ ಆಳೂ ಈ ದಾರಿಯಲ್ಲಿ ಎಂಟು ಮೂಟೆ ದಾಟಿಸಲೇಬೇಕು. ಒಂದು ಸಲಕ್ಕೆ ಎರಡರಂತೆ ನಾಲ್ಕು ಸಲ. ಹೊತ್ತುಕೊಂಡು ಹೋಗೋದೇ 54 ಕಿಲೋಮೀಟರ್, ವಾಪಸ್ ಬರೋ ಮೂರು ನಡಿಗೆ ಸೇರಿಸಿದರೆ 95 ಹತ್ತಿರ. ಇದು ಬಿಟ್ಟಿ ಕೆಲಸ, ಕರಾರಿನಲ್ಲೇ ಸೇರಿಕೊಂಡಿತ್ತು. ಎಂಟಕ್ಕಿಂತ ಜಾಸ್ತಿ ಹೊತ್ತರೆ ಮಾತ್ರ ಮೂಟೆಗೊಂದು ಸ್ಪ್ಯಾನಿಷ್ ಡಾಲರ್. ಕುದುರೆ, ಎತ್ತು ಎಲ್ಲಾ ಕಟ್ಟಿ ನೋಡಿದರಂತೆ, ಆ ದಾರಿಗೆ ಆಗಲಿಲ್ಲ. ಕೊನೆಗೆ ಮನುಷ್ಯನೇ ಗತಿ.

ಕಡ್ಲೆಪುರಿ:
ಮೇಷ್ಟ್ರೇ, ಹುಟ್ಟು ಹಾಕೋದರದ್ದೂ ಒಂದು ಲೆಕ್ಕ ಹಾಕಿಬಿಡಿ.

ಲೆಕ್ಕದ_ಮೇಷ್ಟ್ರು:
ನಿಮಿಷಕ್ಕೆ 50 ಸಲ ಅಂದುಕೊಳ್ಳಿ, ದಿನಕ್ಕೆ 14 ಗಂಟೆ. 42,000. ಗಂಟೆಗೊಂದು ಸಲ ಪೈಪ್ ಸೇದೋಕೆ ಬಿಡುತ್ತಿದ್ದರು, ಅದನ್ನು ಕಳೆದುಕೊಳ್ಳಿ.

ಕೆಂಪುಮಣ್ಣು:
ಪೈಪ್ ಅಂದಿದ್ದಕ್ಕೆ ನೆನಪಾಯ್ತು. ಅವರು ದೂರವನ್ನೂ ಪೈಪ್‌ನಲ್ಲೇ ಅಳೆಯುತ್ತಿದ್ದರು. ಈ ಸರೋವರ ಮೂರು ಪೈಪ್, ಆ ಸರೋವರ ಐದು ಪೈಪ್ ಅಂತ. ಎದುರುಗಾಳಿ ಇದ್ದರೆ ಅದೇ ಸರೋವರ ಉದ್ದ ಆಗುತ್ತದೆ. ನಮ್ಮಜ್ಜಿ ಪಕ್ಕದೂರಿಗೆ "ಎರಡು ಸಲ ಎಲೆಯಡಿಕೆ ಹಾಕೋ ದೂರ" ಅಂತಿದ್ದಳು. ಏರು ಇದ್ದರೆ ಮೂರು ಸಲ ಆಗೋದು.

ಹೊರೆ ಹೊರೋ ದಾರಿಯಲ್ಲೂ ಇಳಿಸೋ ಜಾಗ ಗೊತ್ತು ಮಾಡಿದ್ದರು. ಸುಮಾರು ಅರ್ಧ ಮೈಲಿಗೊಂದು. ಮೂಟೆ ಅಲ್ಲಿ ಇಳಿಸಿ, ಹಿಂದಕ್ಕೆ ಹೋಗಿ ಇನ್ನೊಂದು ಕಂತು ತರಬೇಕು. ಖಾಲಿ ಬೆನ್ನಲ್ಲಿ ನಡೆಯೋದೇ ವಿಶ್ರಾಂತಿ.

ಘಟ್ಟದ_ಕೆಳಗಿನವ:
ಮಾರಾಯ್ರೆ, ದೋಣಿ ಬಗ್ಗೆ ಯಾರೂ ಹೇಳಲೇ ಇಲ್ಲ. ನಾನು ದೋಣಿ ಕಂಡು ಬೆಳೆದವ, ಆ ದೋಣಿ ನೋಡಿದರೆ ನನಗೆ ಹೆದರಿಕೆ. 36 ಅಡಿ ಉದ್ದ, ಆದರೆ ಮೈ ಪೂರ್ತಿ ಬರ್ಚ್ ಮರದ ತೊಗಟೆ. ಸ್ಪ್ರೂಸ್ ಮರದ ಬೇರು ಸೀಳಿ ಅದರಲ್ಲಿ ಹೊಲಿಗೆ, ಹೊಲಿಗೆ ಮೇಲೆ ಅದೇ ಮರದ ಅಂಟು. ಮೊಳೆ ಒಂದೂ ಇಲ್ಲ. ಅದರೊಳಗೆ 65 ಮೂಟೆ, ಎಂಟು ಹತ್ತು ಆಳು, ಅವರ ಬಿಸ್ಕತ್ತು, ಹಂದಿಮಾಂಸ, ಬಟಾಣಿ. ಎಲ್ಲಾ ತುಂಬಿದ ಮೇಲೆ ದೋಣಿಯ ಅಂಚು ನೀರಿಂದ ಬರೀ ಆರು ಇಂಚು ಮೇಲೆ!

ಇದನ್ನು ದಡಕ್ಕೆ ಎಳೆಯೋ ಹಾಗೂ ಇಲ್ಲ. ಒಂದು ಚೂಪು ಕಲ್ಲು ತಾಗಿದರೆ ತೊಗಟೆ ಹರಿಯಿತು. ಅದಕ್ಕೇ ದಡ ಮುಟ್ಟುವ ಮೊದಲೇ ಎಲ್ಲರೂ ಆ ಐಸ್ ನೀರಿಗೆ ಇಳಿದು, ಸೊಂಟದವರೆಗೆ ನಿಂತು, ಮೂಟೆ ಒಂದೊಂದಾಗಿ ಇಳಿಸಬೇಕು. ಕಂಪನಿಯ ಸಾಹೇಬರು ಇದ್ದರೆ ಅವರನ್ನು ಬೆನ್ನ ಮೇಲೆ ಕೂರಿಸಿಕೊಂಡು ದಡಕ್ಕೆ ಬಿಡಬೇಕು. ಸಾಹೇಬರ ಬೂಟು ಒದ್ದೆ ಆಗಬಾರದಲ್ಲ! ರಾತ್ರಿ ದೋಣಿ ಬೋರಲು ಹಾಕಿ, ಪಂಜಿನ ಬೆಳಕಲ್ಲಿ ಬಿರುಕು ಹುಡುಕಿ ಅಂಟು ಮೆತ್ತಬೇಕು. ಆಮೇಲೆ ಅದೇ ದೋಣಿಯ ಅಡಿ ನಿದ್ದೆ.

ಬಹಳ ಜನಕ್ಕೆ ಈಜು ಬರುತ್ತಿರಲಿಲ್ಲ ಅಂತ ಬೇರೆ. ರಭಸದ ನೀರು ಇರುವ ಕಡೆ ದಡದಲ್ಲಿ ಮರದ ಶಿಲುಬೆ ನೆಟ್ಟಿರುತ್ತಿದ್ದರು, ಮುಳುಗಿದವರಿಗೆ.

ಸುಮ್ನೆ_ಓದುವವ:
ಈಜು ಬಾರದೆ ಆ ಕೆಲಸಕ್ಕೆ ಯಾಕೆ ಹೋಗ್ತಿದ್ದರು? ಆಳು ಆರು ಅಡಿ ಪೈಲ್ವಾನರಾ?

ಕಡ್ಲೆಪುರಿ:
ಉಲ್ಟಾ! ಕುಳ್ಳಗಿದ್ದವರನ್ನೇ ಆರಿಸುತ್ತಿದ್ದರು. ಉದ್ದ ಕಾಲಿದ್ದರೆ ದೋಣಿಯಲ್ಲಿ ಒಂದು ಮೂಟೆಯ ಜಾಗ ಹೋಯಿತು. ಐದೂವರೆ ಅಡಿ, ದಪ್ಪ ತೋಳು, ಇಷ್ಟೇ ಬೇಕಾದದ್ದು. ಜೊತೆಗೆ ಹಾಡು ಬರಬೇಕು. ಹಾಡಿನ ತಾಳಕ್ಕೇ ಎಲ್ಲರ ಹುಟ್ಟೂ ಬೀಳೋದು. ಎಂಥಾ ಬದುಕು ಅಲ್ವಾ! ಕಾಡು, ನೀರು, ಹಾಡು, ಮೇಲೆ ಯಾರೂ ಇಲ್ಲ.

ವಿನ್ನಿಪೆಗ್_ಅಕ್ಕ:
ಮೇಲೆ ಯಾರೂ ಇಲ್ವಾ? ಮೂಟೆ ಇತ್ತಲ್ಲಪ್ಪ ಮೇಲೆ.

ತಮಾಷೆ ಅಲ್ಲ ಕಡ್ಲೆಪುರಿ. ಈ ಹಾಡು ನಗುವಿನ ಚಿತ್ರ ಬರೆದವರು ದೋಣಿಯ ನಡುವೆ ಸುಮ್ನೆ ಕೂತಿದ್ದ ಸಾಹೇಬರು. ಹುಟ್ಟು ಹಾಕಿದವರಲ್ಲಿ ಹೆಚ್ಚಿನವರಿಗೆ ಸಹಿ ಹಾಕೋಕೂ ಬರುತ್ತಿರಲಿಲ್ಲ. ಮಾಂಟ್ರಿಯಲ್‌ನ ನೋಟರಿ ಮುಂದೆ ಕರಾರು ಓದಿಸಿ, ಕೆಳಗೆ ಒಂದು ಗೀಟು ಹಾಕಿಸುತ್ತಿದ್ದರು. ಒಂದಿಷ್ಟು ಮುಂಗಡ, ಒಂದು ಕಂಬಳಿ, ಅಂಗಿ, ಷರಾಯಿ, ತಂಬಾಕು. ಆ ಮೇಲೆ ಒಳನಾಡಿನಲ್ಲಿ ಏನು ಬೇಕಾದರೂ ಕಂಪನಿಯ ಉಗ್ರಾಣದಲ್ಲೇ ತಗೋಬೇಕು, ಕಂಪನಿ ಹೇಳಿದ್ದೇ ರೇಟು. ಮೂರು ವರ್ಷ ಮುಗಿಯೋ ಹೊತ್ತಿಗೆ ಸಾಲ ಉಳಿದಿರುತ್ತದೆ, ಇನ್ನೊಂದು ಗೀಟು ಹಾಕಿ ಅಂತಾರೆ. ಜೀತ ಅನ್ನೋ ಪದ ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

ಮೈಗೆ ಬರೋ ಕಾಯಿಲೆ ಯಾವುದು ಅಂದರೆ ಹರ್ನಿಯಾ. ಕರುಳು ಸಿಕ್ಕಿಕೊಂಡು ದಾರಿಯಲ್ಲೇ ಸಾಯುತ್ತಿದ್ದರು. ಹುಟ್ಟುಗೋಲು ಅವರೇ, ಹನ್ನೊಂದಕ್ಕೇ ನಿಂತದ್ದು ಒಳ್ಳೇದಾಯ್ತು.

ಕಡ್ಲೆಪುರಿ:
ಜೀತ ಅನ್ನೋದು ಜಾಸ್ತಿ ಆಯ್ತು ಅಕ್ಕ. ರೈತರ ಮಕ್ಕಳು, ತಾವೇ ಬಂದು ಸೇರಿದವರು. ಹೊಲದಲ್ಲಿ ಕಲ್ಲು ಆರಿಸೋದಕ್ಕಿಂತ ಇದು ಮೇಲು ಅಂತ ಬಂದರು. ವಾಪಸ್ ಹೋಗಿ ಊರಲ್ಲಿ ಮೀಸೆ ತಿರುವುತ್ತಿದ್ದರು.

ಲೆಕ್ಕದ_ಮೇಷ್ಟ್ರು:
ಇಬ್ಬರದ್ದೂ ಅರ್ಧ ಸರಿ. ಅವರೇನೂ ಬಾಯಿ ಮುಚ್ಚಿಕೊಂಡು ದುಡಿದವರಲ್ಲ. 1794ರಲ್ಲಿ ರೇನಿ ಲೇಕ್ ಹತ್ತಿರ ನಾರ್ತ್ ವೆಸ್ಟ್ ಕಂಪನಿಯ ಆಳುಗಳು ಸಂಬಳ ಜಾಸ್ತಿ ಮಾಡದೆ ದೋಣಿ ಮುಟ್ಟೋದಿಲ್ಲ ಅಂತ ಕೂತುಬಿಟ್ಟರು. ಸಾಹೇಬರು ಮೊದಲು ಬೆದರಿಸಿದರು, ಆಮೇಲೆ ಒಬ್ಬೊಬ್ಬರನ್ನೇ ಕರೆದು ಪುಸಲಾಯಿಸಿದರು. ಗುಂಪು ಒಡೆಯಿತು. ಮುಂದಾಳುಗಳನ್ನು ಮಾಂಟ್ರಿಯಲ್‌ಗೆ ವಾಪಸ್ ಕಳಿಸಿದರು. ಅಂದರೆ ಮುಷ್ಕರ ಹೂಡುವಷ್ಟು ಧೈರ್ಯವೂ ಇತ್ತು, ಮುರಿಯುವಷ್ಟು ಶಕ್ತಿ ಕಂಪನಿಗೂ ಇತ್ತು.

ಹುಟ್ಟುಗೋಲು:
ಊಟದ ಪ್ರಶ್ನೆ ಹಾಗೇ ಉಳಿಯಿತು. ಯಾರಾದರೂ ಬಡಿಸಿ.

ಕೆಂಪುಮಣ್ಣು:
ಮಾಂಟ್ರಿಯಲ್‌ನಿಂದ ಸುಪೀರಿಯರ್‌ವರೆಗೆ ಮಾತ್ರ ಹೋಗಿ ಬರೋರಿಗೆ "ಹಂದಿ ತಿನ್ನೋರು" ಅಂತ ಅಡ್ಡಹೆಸರು. ಒಳನಾಡಿನಲ್ಲೇ ಚಳಿಗಾಲ ಕಳೆಯೋರು ಹಾಗೆ ಕರೆದು ಅವರನ್ನು ಅಣಕಿಸುತ್ತಿದ್ದರು. ಹಂದಿ ಅಂತ ಹೆಸರಿಗೆ. ಪಾತ್ರೆಯಲ್ಲಿ ಇದ್ದದ್ದು ಮುಸುಕಿನ ಜೋಳ ಅಥವಾ ಬಟಾಣಿ. ಜೋಳವನ್ನು ಖಾರದ ಬೂದಿನೀರಿನಂಥದರಲ್ಲಿ ಬೇಯಿಸಿ ಸಿಪ್ಪೆ ತೆಗೆದು ಒಣಗಿಸಿರುತ್ತಾರೆ. ಒಬ್ಬನ ಒಂದು ದಿನದ ಪಾಲು ಒಂದು ಲೀಟರ್ ಅಳತೆಯಷ್ಟು ಜೋಳ. ನಾಲ್ಕು ಲೀಟರ್ ಚಿಲ್ಲರೆ ನೀರಿಗೆ ಅದನ್ನು ಹಾಕಿ, ಎರಡು ಔನ್ಸ್ ಕೊಬ್ಬು ಕರಗಿಸಿ ಬಿಟ್ಟು, ಸಣ್ಣ ಉರಿಯಲ್ಲಿ ಎರಡು ಗಂಟೆ. ಜೋಳ ಅರಳಿ ಗಟ್ಟಿ ಅಂಬಲಿ ಥರ ಆಗುತ್ತದೆ. ಇವತ್ತೂ ಅದೇ, ನಾಳೆಯೂ ಅದೇ.

ಘಟ್ಟದ_ಕೆಳಗಿನವ:
ಖಾರದ ಅಂದರೆ ಮೆಣಸಿನ ಖಾರ ಅಲ್ಲ ಅಂತ ಬರೆಯಿರಿ ಮಾರಾಯ್ರೆ, ಯಾರಾದರೂ ಆಸೆ ಪಟ್ಟಾರು.

ವಿನ್ನಿಪೆಗ್_ಅಕ್ಕ:
ಸುಪೀರಿಯರ್ ದಾಟಿದ ಮೇಲೆ ಜೋಳ ಸಿಗೋದಿಲ್ಲ, ಅಲ್ಲಿಂದ ಪೆಮ್ಮಿಕನ್. ಕಾಡೆಮ್ಮೆ ಅಂದರೆ ಬೈಸನ್ ಮಾಂಸವನ್ನು ತೆಳ್ಳಗೆ ಕೊಯ್ದು, ಬಿಸಿಲಿಗೋ ಸಣ್ಣ ಬೆಂಕಿಗೋ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಕರಗಿಸಿದ ಕೊಬ್ಬು ಸುರಿದು ಕಲಸೋದು. ಕೆಲವು ಸಲ ಬೆರ್ರಿ ಹಣ್ಣು. ಕೂದಲು ಹೊರಗೆ ಬರುವ ಹಾಗೆ ಬೈಸನ್ ತೊಗಲಿನ ಚೀಲ ಹೊಲಿದು ಅದರೊಳಗೆ ತುಂಬುತ್ತಾರೆ. ಚೀಲದ ತೂಕ ಎಷ್ಟು ಹೇಳಿ? ಅದೇ 90 ಪೌಂಡ್. ವರ್ಷಗಟ್ಟಲೆ ಕೆಡೋದಿಲ್ಲ. ಬರೀ ಕೊಬ್ಬಿಲ್ಲದ ಮೊಲದ ಮಾಂಸ ತಿಂದು ಹೊಟ್ಟೆ ತುಂಬಿದರೂ ಸೊರಗಿ ಸಾಯಬಹುದು ಅಂತ ಅಲ್ಲಿಯವರಿಗೆ ಗೊತ್ತಿತ್ತು. ಅದಕ್ಕೇ ಕೊಬ್ಬಿಗೆ ಅಷ್ಟು ಬೆಲೆ.

ಇದಕ್ಕಾಗಿ ಹೆಣಗಳೇ ಬಿದ್ದಿವೆ. 1814ರಲ್ಲಿ ಇಲ್ಲಿನ ರೆಡ್ ರಿವರ್ ವಲಸೆ ಊರಿನ ಗವರ್ನರ್ ಮೈಲ್ಸ್ ಮ್ಯಾಕ್‌ಡೊನೆಲ್ ಪೆಮ್ಮಿಕನ್ ಹೊರಗೆ ಸಾಗಿಸೋದನ್ನೇ ನಿಷೇಧಿಸಿದ. ಅದನ್ನು ಮಾಡಿ ಮಾರಿ ಬದುಕುತ್ತಿದ್ದವರು ಮೇಟಿ ಜನ. ಬುಡಕಟ್ಟಿನ ತಾಯಂದಿರು, ಯುರೋಪಿನ ತಂದೆಯರು, ಅವರಿಂದ ಬೆಳೆದ ಹೊಸ ಜನಾಂಗ. ಜಗಳ ಬೆಳೆದು 1816ರ ಜೂನ್ 19ಕ್ಕೆ ಸೆವೆನ್ ಓಕ್ಸ್‌ನಲ್ಲಿ ಗುಂಡು ಹಾರಿತು. ಆಗಿನ ಗವರ್ನರ್ ಸೆಂಪಲ್ ಸೇರಿ ಹಡ್ಸನ್ಸ್ ಬೇ ಕಂಪನಿ (ನಾರ್ತ್ ವೆಸ್ಟ್ ಕಂಪನಿಯ ಎದುರಾಳಿ) ಕಡೆ 21 ಜನ ಸತ್ತರು, ಮೇಟಿಗಳ ಕಡೆ ಒಬ್ಬ. ಆ ಜಾಗ ಈಗ ವಿನ್ನಿಪೆಗ್ ಊರೊಳಗೇ ಇದೆ. ಬಸ್ಸಿನಲ್ಲಿ ಹೋಗುತ್ತಾ ಎಷ್ಟೋ ಸಲ ದಾಟಿದ್ದೇನೆ.

ಸುಮ್ನೆ_ಓದುವವ:
ಮೇಟಿ! ನಮ್ಮ ಕಡೆ ಮೇಟಿ ಅಂದರೆ ಕಣದ ನಡುವಿನ ಕಂಬ. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆಯೇ ಮೇಲು.

ಕೆಂಪುಮಣ್ಣು:
ಆ ಮೇಟಿಗಳ ಗಾಡಿ ವಿಷಯ ಗೊತ್ತಾ? ರೆಡ್ ರಿವರ್ ಗಾಡಿ ಅಂತ, ಎರಡು ದೊಡ್ಡ ಚಕ್ರ, ಪೂರ್ತಿ ಮರ, ಕಬ್ಬಿಣ ಒಂದು ಚೂರೂ ಇಲ್ಲ. 400 ಕಿಲೋ ಹತ್ತಿರ ಹೊರೋದು. ಆದರೆ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿರಲಿಲ್ಲ! ಹಾಕಿದರೆ ಬಯಲಿನ ಧೂಳು ಮೆತ್ತಿಕೊಂಡು ಅಚ್ಚು ಸವೆಯೋದು. ಹಾಗಾಗಿ ಒಣ ಮರಕ್ಕೆ ಒಣ ಮರ ಉಜ್ಜಿ ಕಿರ್ರೋ ಅಂತ ಮೈಲಿಗಟ್ಟಲೆ ದೂರ ಕೇಳೋದಂತೆ. ಅಂಥಾ ಗಾಡಿ ನೂರಾರು ಒಟ್ಟಿಗೆ ಹೊರಟರೆ ಹೇಗಿರಬಹುದು. ನಮ್ಮಪ್ಪನ ಗಾಡಿಗೆ ಒಂದು ವಾರ ಕೀಲೆಣ್ಣೆ ತಪ್ಪಿದರೆ ಅಮ್ಮನೇ ಮನೆಯಿಂದ ಆಚೆ ಓಡಿಸುತ್ತಿದ್ದಳು.

ನಿರ್ವಾಹಕ:
ಎಳೆ ಗಾಡಿ ಹತ್ತಿ ಎಲ್ಲೋ ಹೋಗುತ್ತಿದೆ. ತುಪ್ಪಳಕ್ಕೆ ವಾಪಸ್ ಬನ್ನಿ.

ಹುಟ್ಟುಗೋಲು:
ಸರಿ, ತುಪ್ಪಳದ್ದೇ ಕೇಳ್ತೀನಿ. ಆ ಕೋಟೆಯಲ್ಲಿ ಟೋಪಿ ಇಟ್ಟಿದ್ದರು. ಅದರಲ್ಲಿ ತುಪ್ಪಳವೇ ಕಾಣಲಿಲ್ಲ, ನುಣ್ಣಗೆ ಇತ್ತು. ಇದಕ್ಕಾಗಿ ಇಷ್ಟೆಲ್ಲಾನಾ?

ಕಡ್ಲೆಪುರಿ:
ಇದಕ್ಕಾಗಿಯೇ. ಬೀವರ್ ಮೈಮೇಲೆ ಎರಡು ಥರ ಕೂದಲು. ಮೇಲೆ ಉದ್ದನೆಯ ಒರಟು ಕೂದಲು, ಅಡಿಯಲ್ಲಿ ಮೆತ್ತನೆಯ ತುಪ್ಪಳ. ಅಡಿಯ ಎಳೆಗಳಿಗೆ ಕಣ್ಣಿಗೆ ಕಾಣದ ಕೊಕ್ಕೆ ಇರುತ್ತದೆ, ಒಂದಕ್ಕೊಂದು ಸಿಕ್ಕಿಕೊಂಡು ಒತ್ತಿದರೆ ಗಟ್ಟಿ ಫೆಲ್ಟ್ ಬಟ್ಟೆ ಆಗುತ್ತದೆ. ಮಳೆಗೆ ಜಗ್ಗೋದಿಲ್ಲ, ಆಕಾರ ಬಿಡೋದಿಲ್ಲ. ಯುರೋಪಿನ ಗಂಡಸರ ತಲೆಮೇಲೆಲ್ಲಾ ಅದೇ.

ಮಜಾ ಕೇಳಿ. ಹೊಸ ಚರ್ಮಕ್ಕಿಂತ ಹಾಕಿ ಹಳೇದಾದ ಚರ್ಮಕ್ಕೆ ರೇಟು ಜಾಸ್ತಿ! ಅಲ್ಲಿನ ಜನ ಐದೆಂಟು ಚರ್ಮ ಸೇರಿಸಿ ಹೊಲಿದು, ತುಪ್ಪಳ ಒಳಗೆ ಬರೋ ಹಾಗೆ ಚಳಿಗಾಲ ಪೂರ್ತಿ ಹೊದೆಯುತ್ತಿದ್ದರು. ಮೈಯ ಬೆವರಿಗೆ, ಜಿಡ್ಡಿಗೆ, ಉಜ್ಜುವಿಕೆಗೆ ಒರಟು ಕೂದಲೆಲ್ಲ ಉದುರಿ ಬರೀ ಮೆತ್ತನೆಯದು ಉಳಿಯೋದು. ಟೋಪಿ ಮಾಡೋರಿಗೆ ಅರ್ಧ ಕೆಲಸ ಉಳಿಯಿತು. ಲಂಡನ್, ಪ್ಯಾರಿಸ್ ಸಾಹೇಬರ ತಲೆಮೇಲೆ ಕೂತದ್ದು ಇನ್ನೊಬ್ಬರ ಹಳೇ ಹೊದಿಕೆ.

ಫ್ರೆಂಚ್ ಪಾದ್ರಿ ಪಾಲ್ ಲ ಜನ್ 1634ರಲ್ಲಿ ಬರೆದಿದ್ದಾನೆ. ಅಲ್ಲಿನ ಒಬ್ಬ ನಗುತ್ತಾ ಅಂದನಂತೆ, ಈ ಇಂಗ್ಲಿಷರಿಗೆ ಬುದ್ಧಿ ಇಲ್ಲ, ಒಂದು ಬೀವರ್ ಚರ್ಮಕ್ಕೆ ಇಂಥಾ ಇಪ್ಪತ್ತು ಚಾಕು ಕೊಡ್ತಾರೆ ಅಂತ.

ಘಟ್ಟದ_ಕೆಳಗಿನವ:
ಅದು ಸರಿ, ಆದರೆ ನಾನು ಕೇಳಿದ ಕಥೆ ಬೇರೆ. ಬಂದೂಕು ನೆಲಕ್ಕೆ ನಿಲ್ಲಿಸಿ, ಅದರ ಎತ್ತರಕ್ಕೆ ಬೀವರ್ ಚರ್ಮ ಪೇರಿಸಿದರೆ ಬಂದೂಕು ನಿನ್ನದು ಅಂತ. ಮೋಸ ಮಾಡೋಕೆ ಬಂದೂಕಿನ ನಳಿಗೆಯನ್ನೇ ಉದ್ದ ಮಾಡಿದರಂತೆ. ಕಂಬಳಿಯಲ್ಲಿ ಎಷ್ಟು ಗೆರೆ ಇದೆಯೋ ಅಷ್ಟು ಚರ್ಮ ಕೊಡಬೇಕಂತೆ.

ಲೆಕ್ಕದ_ಮೇಷ್ಟ್ರು:
ಎರಡೂ ಸುಳ್ಳು. ಬಂದೂಕಿನದ್ದು ಚೆಂದದ ಕಟ್ಟುಕಥೆ. ಹಡ್ಸನ್ಸ್ ಬೇ ಕಂಪನಿಯ ಕೋಠಿಗಳಲ್ಲಿ ಎಲ್ಲಕ್ಕೂ ದರಪಟ್ಟಿ ಇತ್ತು. ನಾಣ್ಯ ಇಲ್ಲದ ಊರು, ಹಾಗಾಗಿ ಚೆನ್ನಾಗಿ ಹದ ಮಾಡಿದ ಒಂದು ದೊಡ್ಡ ಬೀವರ್ ಚರ್ಮವೇ ರೂಪಾಯಿ ಇದ್ದ ಹಾಗೆ. ಕೆಟಲ್, ಬಂದೂಕಿನ ಮದ್ದು, ಬಟ್ಟೆ, ನರಿ ಚರ್ಮ ಎಲ್ಲದರ ಬೆಲೆಯೂ ಇಷ್ಟು ಬೀವರ್ ಅಂತಲೇ. ಕಂಬಳಿಯ ಗೆರೆ 1779ರಿಂದ ಬಂತು. ಅದು ಅಳತೆಯ ಗುರುತು, ಬೆಲೆಯದ್ದಲ್ಲ. ಮಡಚಿ ಪೇರಿಸಿಟ್ಟ ಕಂಬಳಿಯನ್ನು ಬಿಚ್ಚದೇನೇ ಎಷ್ಟು ದೊಡ್ಡದು ಅಂತ ಹೇಳಬಹುದು.

ಕೋಠಿ ಅಂತ ಬೇಕಂತಲೇ ಬರೆದೆ. "ಯಾರ್ಕ್ ಫ್ಯಾಕ್ಟರಿ" ಅಂತ ಓದಿ ಅಲ್ಲಿ ಹೊಗೆ ಕೊಳವೆ ಹುಡುಕಬೇಡಿ. ಫ್ಯಾಕ್ಟರ್ ಅಂದರೆ ಕಂಪನಿಯ ವ್ಯಾಪಾರದ ಏಜೆಂಟ್, ಅವನು ಇರೋ ಜಾಗ ಫ್ಯಾಕ್ಟರಿ. ನಮ್ಮ ಕಾರವಾರದಲ್ಲಿ 17ನೇ ಶತಮಾನದಲ್ಲಿ ಇಂಗ್ಲಿಷರದ್ದು ಇದ್ದದ್ದೂ ಇದೇ ಥರದ ಕೋಠಿ.

ಆದರೆ ಮೋಸ ಇರಲಿಲ್ಲ ಅಂತಲ್ಲ. ಮೋಸ ಇದ್ದದ್ದು ಅಳತೆಯಲ್ಲಿ. ಪಟ್ಟಿಯಲ್ಲಿ ಒಂದು ರೇಟು, ಕೊಡುವಾಗ ಸ್ವಲ್ಪ ಕಮ್ಮಿ. ಹಾಗೆ ಉಳಿಸಿದ್ದಕ್ಕೆ ಕಂಪನಿ ಲೆಕ್ಕದಲ್ಲೇ ಬೇರೆ ಹೆಸರಿತ್ತು, "ಓವರ್‌ಪ್ಲಸ್". ಹದಿನೆಂಟನೇ ಶತಮಾನದಲ್ಲಿ ಅಲ್ಲಿ ಕೆಲಸ ಮಾಡಿದ ಆಂಡ್ರೂ ಗ್ರಹಾಂ, ವ್ಯಾಪಾರಕ್ಕೆ ಬಂದ ಮುಖಂಡ ಮಾಡೋ ಭಾಷಣ ಹೇಗಿರುತ್ತದೆ ಅಂತ ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ಮಾತು: ಅಳೆಯುವಾಗ ಅಳತೆ ಪಾತ್ರೆ ತುಂಬಾ ತುಂಬಿಸಿ, ನಿಮ್ಮ ಆಳುಗಳು ಅಂಚಿನೊಳಗೆ ಬೆರಳು ಇಡದ ಹಾಗೆ ನೋಡಿಕೊಳ್ಳಿ.

ಸುಮ್ನೆ_ಓದುವವ:
ಬೆರಳು! ರೇಷನ್ ಸೀಮೆಎಣ್ಣೆ ಕಾಲದ್ದೆಲ್ಲಾ ಕಣ್ಣ ಮುಂದೆ ಬಂತು. ಅಂಗಡಿಯವರ ಹೆಬ್ಬೆರಳು ಯಾವಾಗಲೂ ಅಳತೆ ಡಬ್ಬಿಯೊಳಗೇ.

ಕೆಂಪುಮಣ್ಣು:
ನೊರೆ ಬೇರೆ. ಪಂಪ್ ಹೊಡೆದು ಹೊಡೆದು ನೊರೆ ಎಬ್ಬಿಸಿ ಅಳೀತಿದ್ದರು.

ವಿನ್ನಿಪೆಗ್_ಅಕ್ಕ:
ಇಷ್ಟು ಹೊತ್ತೂ ಗಂಡಸರ ಬೆನ್ನು, ಗಂಡಸರ ತಲೆ. ಆ "ಚೆನ್ನಾಗಿ ಹದ ಮಾಡಿದ ಚರ್ಮ" ತಾನೇ ಹದ ಆಗುತ್ತಾ ಮೇಷ್ಟ್ರೇ?

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳದ ಮೇಲೆ ಉಳಿಯಿಂದ ಐಸ್ ಒಡೆದು ಗಂಡಸರು ಬೀವರ್ ಹಿಡಿಯುತ್ತಿದ್ದರು. ಅಲ್ಲಿಂದ ಮುಂದಿನದ್ದೆಲ್ಲ ಹೆಣ್ಣುಮಕ್ಕಳ ಕೈಯಲ್ಲಿ. ಸುಲಿಯೋದು, ಒಳಗಿನ ಕೊಬ್ಬನ್ನೆಲ್ಲ ಕೆರೆದು ತೆಗೆಯೋದು, ಬಳ್ಳಿಯಂಥ ಕಡ್ಡಿ ಬಗ್ಗಿಸಿ ಬಳೆ ಮಾಡಿ ಅದಕ್ಕೆ ಚರ್ಮ ಬಿಗಿದು ಹೊಲಿದು ಒಣಗಿಸೋದು. ಒಣಗಿದ ಚರ್ಮ ಮೊರದ ಹಾಗೆ ದುಂಡಗೆ ಇರುತ್ತದೆ. ಅಂಥವು ಸುಮಾರು 60 ಸೇರಿದರೆ ಹುಟ್ಟುಗೋಲು ಅವರ ಕುತ್ತಿಗೆ ಹಿಡಿದ ಮೂಟೆ ಒಂದು.

ಪೆಮ್ಮಿಕನ್ ಕುಟ್ಟಿದ್ದು ಯಾರು? ದೋಣಿ ಹೊಲಿಯೋಕೆ ಬೇರು ಸೀಳಿದ್ದು, ಅಂಟು ಕಾಯಿಸಿದ್ದು ಯಾರು? ಹಿಮದಲ್ಲಿ ನಡೆಯೋಕೆ ಹಾಕಿಕೊಳ್ಳೋ ಬಲೆಬಲೆ ಮೆಟ್ಟು ಇದೆಯಲ್ಲ, ಅದರ ಬಲೆ ಹೆಣೆದದ್ದು ಯಾರು? ಆ ಮೆಟ್ಟಿಲ್ಲದೆ ಚಳಿಗಾಲದಲ್ಲಿ ಸಾಹೇಬರು ಬಾಗಿಲು ದಾಟೋ ಹಾಗಿಲ್ಲ. ಹಡ್ಸನ್ಸ್ ಬೇ ಕಂಪನಿಯ ಸ್ಯಾಮ್ಯುಯೆಲ್ ಹರ್ನ್ ಉತ್ತರಕ್ಕೆ ದಾರಿ ಹುಡುಕಿ ಎರಡು ಸಲ ಹೊರಟು ಸೋತು ಬಂದಾಗ, ಡೆನೆ ಅನ್ನೋ ಬುಡಕಟ್ಟಿನ ಮುಖಂಡ ಮಟೊನಬ್ಬಿ ಕಾರಣ ಹೇಳಿದ: ಹೆಂಗಸರನ್ನು ಕರೆದುಕೊಂಡು ಹೋಗಲಿಲ್ಲ, ಅದಕ್ಕೇ ಸೋತೆ. ಒಬ್ಬ ಹೆಂಗಸು ಇಬ್ಬರು ಗಂಡಸರಷ್ಟು ಹೊರುತ್ತಾಳೆ ಅಂತ. ಅವನದ್ದೇನೂ ಹೆಣ್ಣಿನ ಮೇಲಿನ ಗೌರವ ಅಲ್ಲ, ದುಡಿಸಿಕೊಳ್ಳೋನ ಲೆಕ್ಕ. ಮೂರನೇ ಸಲ ಹೆಂಗಸರನ್ನು ಕಟ್ಟಿಕೊಂಡು ಹೋದರು, 1771ರಲ್ಲಿ ಉತ್ತರದ ಆರ್ಕ್ಟಿಕ್ ಸಮುದ್ರ ಮುಟ್ಟಿದರು.

ಇಲ್ಲಿ ಮ್ಯಾನಿಟೋಬಾ ದಾಖಲೆ ಕಚೇರಿಯಲ್ಲಿ ಹಡ್ಸನ್ಸ್ ಬೇ ಕಂಪನಿಯ ಕಾಗದಪತ್ರ ಎಲ್ಲಾ ಇದೆ, 1994ರಲ್ಲಿ ಕಂಪನಿಯೇ ಕೊಟ್ಟದ್ದು. ಕೋಠಿಗಳ ದಿನಚರಿ ಓದುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯೋದಿಲ್ಲ. ಗಾಳಿ ಯಾವ ಕಡೆ, ಯಾರು ಸೌದೆ ಕಡಿದರು, ಐಸ್ ಅಡಿಯ ಬಲೆಗೆ ಎಷ್ಟು ಮೀನು ಬಿತ್ತು. ದಿನಾ ಇದೇ. ನದಿ ಯಾವತ್ತು ಹೆಪ್ಪುಗಟ್ಟಿತು, ಯಾವತ್ತು ಒಡೆಯಿತು ಅಂತ ಬರೆದದ್ದನ್ನು ಹವಾಮಾನದ ವಿಜ್ಞಾನಿಗಳು ಈಗಲೂ ಬಳಸುತ್ತಾರೆ. ಹೆಂಗಸರು ಮಾತ್ರ ಅಪರೂಪಕ್ಕೆ, ಅದೂ ಬರೀ "ಹೆಂಗಸರು" ಅಂತ. ಹೆಸರಿಲ್ಲ.

ಕಡ್ಲೆಪುರಿ:
ಹೆಸರು ಉಳಿದವರೂ ಇದ್ದಾರೆ ಅಕ್ಕ. ತನಡೆಲ್ತೂರ್. ಡೆನೆ ಹುಡುಗಿ, ಕ್ರೀ ಜನರ ಸೆರೆಯಿಂದ ತಪ್ಪಿಸಿಕೊಂಡು ಯಾರ್ಕ್ ಫ್ಯಾಕ್ಟರಿಗೆ ಬಂದವಳು. 1715ರಲ್ಲಿ ಹೊರಟು, ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಎರಡೂ ಜನಕ್ಕೆ ರಾಜಿ ಮಾಡಿಸಿದಳು. ಬೈದು ಗದರಿಸಿ ರಾಜಿ ಮಾಡಿಸಿದ್ದು. ಕಂಪನಿಯ ಗವರ್ನರ್‌ಗೇ ಅವಳ ಕಂಡರೆ ಭಯ ಭಕ್ತಿ. 1717ರ ಫೆಬ್ರವರಿಯಲ್ಲಿ ಕಾಯಿಲೆ ಬಿದ್ದು ತೀರಿಕೊಂಡಳು.

ವಿನ್ನಿಪೆಗ್_ಅಕ್ಕ:
ಹೌದು, ಒಪ್ಪಿದೆ. ಅವಳು ನನಗೂ ಇಷ್ಟ. ಆದರೂ ಆ ದಿನಚರಿಯಲ್ಲಿ ಅವಳ ಹೆಸರಿಲ್ಲ, ಬರೀ "ಗುಲಾಮ ಹೆಂಗಸು" ಅಂತ ಇದೆ. ತನಡೆಲ್ತೂರ್ ಅನ್ನೋದನ್ನು ನೆನಪಿಟ್ಟುಕೊಂಡು ಹೇಳುತ್ತಾ ಬಂದವರು ಅವಳ ಜನ.

ಘಟ್ಟದ_ಕೆಳಗಿನವ:
ಮದುವೆ ಕಥೆ ಏನು? ಇಷ್ಟು ಗಂಡಸರು ಇಷ್ಟು ವರ್ಷ.

ಲೆಕ್ಕದ_ಮೇಷ್ಟ್ರು:
"ಆ ಸೀಮೆಯ ಪದ್ಧತಿ"ಯ ಮದುವೆ ಅಂತಿದ್ದರು. ಪಾದ್ರಿ ಇಲ್ಲ, ಹುಡುಗಿ ಕಡೆಯವರ ಒಪ್ಪಿಗೆ, ಉಡುಗೊರೆ, ಅಷ್ಟೇ. ನಕ್ಷೆ ಬರೆದ ಡೇವಿಡ್ ಥಾಂಪ್ಸನ್ 1799ರಲ್ಲಿ ಶಾರ್ಲೆಟ್ ಸ್ಮಾಲ್‌ಳನ್ನು ಹಾಗೇ ಮದುವೆಯಾದ. 13 ಮಕ್ಕಳು. 57 ವರ್ಷಕ್ಕೂ ಜಾಸ್ತಿ ಒಟ್ಟಿಗಿದ್ದು, 1857ರಲ್ಲಿ ಅವನು ಹೋದ ಮೂರು ತಿಂಗಳೊಳಗೆ ಅವಳೂ ಹೋದಳು. ಇನ್ನೊಂದು ಕಡೆ, ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್. ಮಕ್ಕಳ ತಾಯಿ ಮಾರ್ಗರೆಟ್ ಟೇಲರ್ ಇಲ್ಲಿ ಕಾಯುತ್ತಿದ್ದಾಗಲೇ ಇಂಗ್ಲೆಂಡಿಗೆ ಹೋಗಿ 1830ರಲ್ಲಿ ತನ್ನ ಸೋದರ ಸಂಬಂಧಿಯನ್ನು ಮದುವೆಯಾಗಿ ಕರೆದುಕೊಂಡು ಬಂದ.

ಕೆಂಪುಮಣ್ಣು:
ಥೂ.

ಕಡ್ಲೆಪುರಿ:
ಗಂಡಸಿನ ವೇಷ ಹಾಕಿ ದುಡಿದವಳ ಕಥೆ ಯಾರೂ ಹೇಳಲಿಲ್ಲ. ಸ್ಕಾಟ್ಲೆಂಡ್ ಮೇಲಿನ ಆರ್ಕ್‌ನಿ ದ್ವೀಪದ ಬಡ ಹುಡುಗರೇ ಹಡ್ಸನ್ಸ್ ಬೇ ಕಂಪನಿಗೆ ಹೆಚ್ಚು ಸೇರುತ್ತಿದ್ದರು. 1806ರಲ್ಲಿ ಜಾನ್ ಫಬ್ಬಿಸ್ಟರ್ ಅನ್ನೋ ಹೆಸರಲ್ಲಿ ಒಬ್ಬ ಬಂದ. ವರ್ಷಕ್ಕೆ 8 ಪೌಂಡ್ ಸಂಬಳ. ದೋಣಿ, ಮೂಟೆ, ಎಲ್ಲರ ಸಮ ಕೆಲಸ. 1807ರ ಡಿಸೆಂಬರ್ 29ಕ್ಕೆ ಪೆಂಬಿನಾದಲ್ಲಿ ಎದುರಾಳಿ ಕಂಪನಿಯ ಅಲೆಗ್ಸಾಂಡರ್ ಹೆನ್ರಿ ಮನೆಯಲ್ಲಿ ಹೊಟ್ಟೆನೋವು ಅಂತ ಮಲಗಿದ. ಹೆನ್ರಿ ಹೋಗಿ ನೋಡಿದರೆ ಹೆರಿಗೆ ನೋವು! ಅವಳು ಇಸೊಬೆಲ್ ಗನ್. ಆಮೇಲೆ ಕಂಪನಿ ಏನು ಮಾಡಿತು ಗೊತ್ತಾ? ಬಟ್ಟೆ ಒಗೆಯೋ ಕೆಲಸಕ್ಕೆ ಹಾಕಿತು. 1809ರಲ್ಲಿ ಮಗು ಜೊತೆ ವಾಪಸ್ ಕಳಿಸಿತು.

ಹುಟ್ಟುಗೋಲು:
ಈ ಒಂದು ಕಥೆಗೇ ಕುತ್ತಿಗೆ ನೋವು ಸಾರ್ಥಕ. ಅಂದಹಾಗೆ ಮಗಳು ಕೇಳುತ್ತಿದ್ದಾಳೆ, ಇಂಡಿಯಾಗೂ ಇದಕ್ಕೂ ಏನಾದರೂ ಸಂಬಂಧ ಇತ್ತಾ ಅಂತ.

ಲೆಕ್ಕದ_ಮೇಷ್ಟ್ರು:
ಇತ್ತು. ಪಶ್ಚಿಮ ಕರಾವಳಿಯಲ್ಲಿ ಬೀವರ್ ಅಲ್ಲ, ಕಡಲ ನೀರುನಾಯಿ. ಅದರ ಚರ್ಮಕ್ಕೆ ಚೀನಾದ ಕ್ಯಾಂಟನ್‌ನಲ್ಲಿ ಭಾರಿ ಬೆಲೆ. ಈ ಆಸೆಗೆ ಜೇಮ್ಸ್ ಸ್ಟ್ರೇಂಜ್ 1785ರ ಕೊನೆಗೆ ಬೊಂಬಾಯಿಯಿಂದ ಎರಡು ಹಡಗು ಹೊರಡಿಸಿ 1786ರಲ್ಲಿ ಆ ಕರಾವಳಿಯ ನೂಟ್ಕಾ ಮುಟ್ಟಿದ. ವಾಪಸ್ ಹೋಗುವಾಗ ಜಾನ್ ಮೆಕೇ ಅನ್ನೋ ಸಹಾಯಕ ವೈದ್ಯನನ್ನು ಅಲ್ಲೇ ಬಿಟ್ಟ. ಮೆಕೇ ಸ್ಥಳೀಯ ನಾಯಕ ಮಕ್ವಿನ್ನನ ಜನರ ಜೊತೆ ಒಂದು ವರ್ಷ ಕಳೆದ. ಸ್ಟ್ರೇಂಜ್‌ಗೆ ಚರ್ಮ ಸಿಕ್ಕಿದ್ದು ಕಮ್ಮಿ, ವ್ಯಾಪಾರ ಲಾಸು.

ಸುಮ್ನೆ_ಓದುವವ:
ಸ್ಟ್ರೇಂಜ್ ಅಂತ ಹೆಸರಿಟ್ಟುಕೊಂಡು ಲಾಭ ಎಲ್ಲಿ ಬರುತ್ತೆ.

ಕೆಂಪುಮಣ್ಣು:
ಆಮೇಲೆ ಎಲ್ಲಾ ಹೇಗೆ ನಿಂತಿತು?

ವಿನ್ನಿಪೆಗ್_ಅಕ್ಕ:
1821ರಲ್ಲಿ ನಾರ್ತ್ ವೆಸ್ಟ್, ಹಡ್ಸನ್ಸ್ ಬೇ ಎರಡೂ ಕಂಪನಿ ಒಂದಾದವು. ಎರಡೆರಡು ಕೋಠಿ ಇದ್ದ ಕಡೆ ಒಂದು ಸಾಕು ಅಂತ ಸಿಂಪ್ಸನ್ ನೂರಾರು ಜನರನ್ನು ಮನೆಗೆ ಕಳಿಸಿದ. ಆಮೇಲೆ ರೇಷ್ಮೆ ಟೋಪಿ ಫ್ಯಾಷನ್ ಬಂತು, ಬೀವರ್ ಟೋಪಿ ಕೇಳೋರಿಲ್ಲ. ಅಷ್ಟರಲ್ಲಿ ಎಷ್ಟೋ ಕಡೆ ಬೀವರೇ ಮುಗಿದಿತ್ತು. ಅದಕ್ಕಿಂತ ದೊಡ್ಡದು ಸಿಡುಬು. 1780ರಿಂದ ಎರಡು ವರ್ಷ ಬಯಲುಸೀಮೆಯ ಎಷ್ಟೋ ಬಿಡಾರಗಳಲ್ಲಿ ಹೆಣ ಎತ್ತೋಕೂ ಜನ ಉಳಿಯಲಿಲ್ಲ. ಇದೂ ಅದೇ ದೋಣಿ ದಾರಿ, ಅದೇ ಕುದುರೆ ದಾರಿಯಲ್ಲಿ ಹರಡಿದ್ದು. ಆ ಕೋಟೆಗಳಿಗೆ ಹೋದಾಗ ಇದನ್ನು ಯಾರೂ ಮೊದಲು ಹೇಳೋದಿಲ್ಲ.

ಹಡ್ಸನ್ಸ್ ಬೇ ಕಂಪನಿ ಮಾತ್ರ ಬದುಕಿತ್ತು. 1670ರಲ್ಲಿ ಹುಟ್ಟಿದ್ದು ಕೊನೆಗೆ ಬಟ್ಟೆ, ಪಾತ್ರೆ ಮಾರೋ ದೊಡ್ಡ ಅಂಗಡಿಯಾಗಿ, 2025ರ ಜೂನ್ 1ಕ್ಕೆ ಉಳಿದ ಅಂಗಡಿಗಳಿಗೂ ಬಾಗಿಲು ಹಾಕಿತು. ಕೊನೇ ವಾರ ಜನ ಆ ಗೆರೆ ಕಂಬಳಿಗೆ ಮುಗಿಬಿದ್ದಿದ್ದರು. ನಾನೂ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ನನಗೆ ಸಿಗಲಿಲ್ಲ.

ಹುಟ್ಟುಗೋಲು:
ಎಲ್ಲರಿಗೂ ಥ್ಯಾಂಕ್ಸ್. ಕೆಂಪುಮಣ್ಣು ಅವರ ಅಳತೆಯಲ್ಲೇ ಭಾನುವಾರ ಆ ಅಂಬಲಿ ಮಾಡಿದೆ. ಮೆಕ್ಸಿಕನ್ ಅಂಗಡಿಯಲ್ಲಿ ಸಿಪ್ಪೆ ತೆಗೆದ ಒಣ ಜೋಳ ಸಿಕ್ಕಿತು. ಕೊಬ್ಬಿನ ಬದಲು ತುಪ್ಪ. ಎರಡು ಗಂಟೆಗೆ ಬೇಯಲಿಲ್ಲ, ಮೂರೂವರೆ ಆಯ್ತು. ಒಬ್ಬನ ಒಂದು ದಿನದ ಪಾಲು ನಮ್ಮ ಮನೆಯ ನಾಲ್ಕು ಜನಕ್ಕೆ ಎರಡು ಹೊತ್ತಿಗೆ ಬಂತು, ಇನ್ನೂ ಫ್ರಿಜ್‌ನಲ್ಲಿದೆ.

ಘಟ್ಟದ_ಕೆಳಗಿನವ:
ತುಪ್ಪ ಹಾಕಿದರೆ ಅದು ವೊಯಾಜರ್ ಊಟ ಅಲ್ಲ ಮಾರಾಯ್ರೆ, ದೇವಸ್ಥಾನದ ಪ್ರಸಾದ. ಉಪ್ಪಿನಕಾಯಿ ಹಾಕಿಕೊಂಡಿರಾ?

ಹುಟ್ಟುಗೋಲು:
ಮಾವಿನ ಮಿಡಿ. ಆ ಜಾಡಿ ಮಾತ್ರ ಅವತ್ತೇ ಖಾಲಿ.